ತಿರುಗಿ ಬರುವ ಜಾಗ ಮೊದಲೇ ಗೊತ್ತಿರಲಿ

ಪುನರ್ವಸು, ಪುಷ್ಯ ಮಳೆ ಹಿಡಿದ ವಾರಗಳಲ್ಲಿ ಉತ್ತರ ಕನ್ನಡದ ಮನೆಗಳಲ್ಲಿ ಬೆಳಗಾಗುತ್ತಿದ್ದಂತೆ ಏಳುವ ಪ್ರಶ್ನೆ ಒಂದೇ: ಇವತ್ತು ಶಾಲೆಗೆ ರಜೆಯೇ? ಕಾರವಾರದಿಂದ ಜಿಲ್ಲಾಡಳಿತದ ಆದೇಶ ಹೊರಡುತ್ತದೆ. ಎಷ್ಟೋ ಸಲ ಅದರಲ್ಲಿ ಇಡೀ ಜಿಲ್ಲೆಯ ಬದಲು ಕೆಲವೇ ತಾಲ್ಲೂಕುಗಳ ಹೆಸರಿರುತ್ತದೆ. ಜೊಯಿಡಾದ ಮಕ್ಕಳು ಮನೆಯಲ್ಲಿ ಉಳಿದ ದಿನ ಮುಂಡಗೋಡದ ಮಕ್ಕಳು ಪಾಟಿಚೀಲ ಹೊತ್ತು ಹೊರಟಿರುವುದುಂಟು. ಈ ಪಟ್ಟಿಯನ್ನು ರಜೆಯ ಸುದ್ದಿಯಾಗಿ ಓದಿ ಮರೆಯುತ್ತೇವೆ. ಸೈಕಲ್ ತುಳಿಯುವವರು ಮಾತ್ರ ಅದನ್ನು ಎರಡು ಸಲ ಓದಬೇಕು.

ಕಾರಣ ಸರಳ. ಹಳಿಯಾಳ, ಮುಂಡಗೋಡಗಳದು ಬಯಲುಸೀಮೆಗೆ ಅಂಟಿಕೊಂಡ ಹವೆ. ಅಲ್ಲಿಂದ ದಾಂಡೇಲಿ ದಾಟಿ ಪಶ್ಚಿಮಕ್ಕೆ ಹೋದಂತೆ ಕಾಡು ದಟ್ಟವಾಗುತ್ತದೆ, ಮಳೆ ಜೋರಾಗುತ್ತದೆ. ಜೊಯಿಡಾ, ಕುಂಬಾರವಾಡ, ಅಣಶಿ, ಕ್ಯಾಸಲ್‌ರಾಕ್ ಕಡೆ ಅದು ಘಟ್ಟದ ನೆತ್ತಿಯ ಮಳೆಯೇ. ಬಸ್ಸಿನಲ್ಲಿ ಕೂತವನಿಗೆ ಈ ಬದಲಾವಣೆ ಕಿಟಕಿಯಾಚೆಯ ನೋಟ. ಸೈಕಲ್ ಸವಾರನಿಗೆ ಮೈಮೇಲೆ ಬೀಳುವ ಸಂಗತಿ. ಬೆಳಿಗ್ಗೆ ತನ್ನ ಅಂಗಳದ ಆಕಾಶ ನೋಡಿ ಹೊರಟವನು ಎರಡು ಮೂರು ತಾಸಿನೊಳಗೆ ಬೇರೆಯದೇ ಹವಾಮಾನದಲ್ಲಿ ಇರುತ್ತಾನೆ.

ಇಲ್ಲಿ ಸೈಕಲ್ ಎಂದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಿಂದ ಭಾನುವಾರ ಹೆಲ್ಮೆಟ್ ಹಾಕಿಕೊಂಡು ಬರುವ ಗುಂಪು ಮಾತ್ರ ಅಲ್ಲ. ಪಾಳಿ ಮುಗಿಸಿ ಹೊರಟ ಕಾರ್ಮಿಕ, ಡೇರಿಗೆ ಹಾಲಿನ ಕ್ಯಾನ್ ಒಯ್ಯುವವರು, 2006-07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೇ ತರಗತಿಗೆ ಸೈಕಲ್ ಪಡೆದು ಈಗ ಅದನ್ನು ತಮ್ಮ ತಂಗಿ ತಮ್ಮಂದಿರಿಗೆ ದಾಟಿಸಿದವರು, ಎಲ್ಲರೂ ಇದೇ ರಸ್ತೆಯ ಸವಾರರು. ಇವರಿಗೆಲ್ಲ ಸಿದ್ಧತೆ ಎಂದರೆ ದುಬಾರಿ ಸಾಮಾನು ಕೊಳ್ಳುವುದು ಎಂದು ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಈ ಲೇಖನ ಹೇಳುವುದು ಬೇರೆ. ಈ ಸೀಮೆಯಲ್ಲಿ ಒಂದೇ ತೊಂದರೆ ಸವಾರನನ್ನು ಕೆಡವುವುದು ಅಪರೂಪ. ಪಂಚರ್ ಒಂದೇ ಆದರೆ ಕಿರಿಕಿರಿ, ಮಳೆ ಒಂದೇ ಆದರೆ ಒದ್ದೆ ಬಟ್ಟೆ, ಕತ್ತಲೆ ಒಂದೇ ಆದರೆ ನಿಧಾನದ ಸವಾರಿ. ಮೂರೂ ಒಂದೇ ಸಂಜೆ, ಮೊಬೈಲ್ ಸಿಗ್ನಲ್ ಇಲ್ಲದ ತಿರುವಿನಲ್ಲಿ ಕೂಡಿಕೊಂಡಾಗ ಅಪಾಯ ಹುಟ್ಟುತ್ತದೆ. ತೊಂದರೆಗಳು ಹಾಗೆ ಕೂಡಿಕೊಳ್ಳದಂತೆ ನೋಡಿಕೊಳ್ಳುವುದೇ ಸಿದ್ಧತೆ. ಅದರ ಬಹುಪಾಲು ಕೆಲಸ ಮನೆ ಬಿಡುವ ಮೊದಲೇ ಆಗುವಂಥದ್ದು.

ಅಂಬಿಕಾನಗರದ ದಾರಿ

ದಾಂಡೇಲಿಯಿಂದ ಕುಳಗಿ ಮೇಲೆ ಹಾದು ಅಂಬಿಕಾನಗರಕ್ಕೆ ಹೋಗುವ ರಸ್ತೆಯನ್ನೇ ಮಾದರಿಯಾಗಿ ನೋಡಿ. ಕಾಳಿ ಜಲವಿದ್ಯುತ್ ಯೋಜನೆಗಾಗಿ ಕರ್ನಾಟಕ ವಿದ್ಯುತ್ ನಿಗಮ ಕಾಡಿನ ನಡುವೆ ಕಟ್ಟಿದ ಊರು ಅಂಬಿಕಾನಗರ. ಬೊಮ್ಮನಹಳ್ಳಿ ಜಲಾಶಯದ ನೀರು ಸುರಂಗದಲ್ಲಿ ಹರಿದು ಕಣಿವೆಯ ತಳದ ನಾಗಝರಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಆ ಕಣಿವೆಯ ಆಳವನ್ನು ಸೈಕ್ಸ್ ಪಾಯಿಂಟ್‌ನಲ್ಲಿ ನಿಂತು ನೋಡಬಹುದು. ಊರಿನಲ್ಲಿ ವಸತಿಗೃಹಗಳಿವೆ, ಅಂಗಡಿಗಳಿವೆ, ಮನುಷ್ಯರಿದ್ದಾರೆ. ಊರಿಗೂ ಊರಿಗೂ ನಡುವೆ ಇರುವುದು ಕಾಡು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಅರಣ್ಯ ಇದು.

ಇಂಥ ದಾರಿಯಲ್ಲಿ ಕಿಲೋಮೀಟರ್ ಲೆಕ್ಕಕ್ಕಿಂತ ಆಸರೆಯ ಲೆಕ್ಕ ಮುಖ್ಯ. ಹೊರಡುವ ಮುಂಚೆ ಒಂದು ಚೀಟಿಯಲ್ಲಿ ದಾರಿಯ ಆಸರೆಗಳನ್ನು ಕ್ರಮವಾಗಿ ಬರೆದುಕೊಳ್ಳಿ: ಬಸ್ ತಂಗುದಾಣ, ಶಾಲೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಚಹಾದಂಗಡಿ, ಗುಡಿ, ಪಂಚಾಯ್ತಿ ಕಟ್ಟಡ. ಎರಡು ಆಸರೆಗಳ ನಡುವಿನ ಅಂತರ ಎಷ್ಟು, ಅದನ್ನು ನಡೆದು ದಾಟಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ. ಸೈಕಲ್ ಕೆಟ್ಟರೆ ನೀವು ಪಾದಚಾರಿ. ತಳ್ಳಿಕೊಂಡು ಹೋಗುವವನ ವೇಗ ತಾಸಿಗೆ ನಾಲ್ಕು ಕಿಲೋಮೀಟರ್ ಆಸುಪಾಸು, ಏರು ದಾರಿಯಲ್ಲಿ ಇನ್ನೂ ಕಡಿಮೆ. ಹತ್ತು ಕಿಲೋಮೀಟರ್ ಕಾಡು ದಾಟಲು ಎರಡೂವರೆ ತಾಸು ಬೇಕು ಎಂದಾದರೆ, ಸೂರ್ಯ ಮುಳುಗುವ ಹೊತ್ತಿಗೆ ಎರಡೂವರೆ ತಾಸು ಉಳಿದಿರುವಾಗಲೇ ಆ ಕಾಡಿನ ಬಾಯಿಗೆ ಬಂದಿರಬೇಕು. ಇಲ್ಲದಿದ್ದರೆ ಅವತ್ತು ಅದರೊಳಗೆ ಹೋಗಬಾರದು. ಈ ಒಂದು ಲೆಕ್ಕ ಮಾಡಿದವರು ಅರ್ಧ ಸಿದ್ಧತೆ ಮುಗಿಸಿದಂತೆ.

ಎಚ್ಚರಿಕೆಯ ಬಣ್ಣ

ಹವಾಮಾನ ಇಲಾಖೆ ಜಿಲ್ಲಾವಾರು ಎಚ್ಚರಿಕೆಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಬಣ್ಣಗಳಲ್ಲಿ ಕೊಡುತ್ತದೆ. ಟಿವಿಯಲ್ಲಿ ‘ಆರೆಂಜ್ ಅಲರ್ಟ್’ ಎಂದಾಗ ಅದರ ಹಿಂದೆ ಒಂದು ಅಳತೆ ಇರುತ್ತದೆ. 24 ತಾಸಿನಲ್ಲಿ 64.5 ಮಿಲಿಮೀಟರ್‌ನಿಂದ 115.5 ಮಿಲಿಮೀಟರ್ ಮಳೆಯಾದರೆ ‘ಭಾರಿ’, ಅಲ್ಲಿಂದ 204.4ರವರೆಗೆ ‘ಅತಿ ಭಾರಿ’, ಅದಕ್ಕೂ ಮೀರಿದರೆ ‘ಅತ್ಯಂತ ಭಾರಿ’.

ಮಿಲಿಮೀಟರ್ ಎಂದ ಕೂಡಲೇ ಸಣ್ಣದೆನಿಸುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನೂರು ಮಿಲಿಮೀಟರ್ ಮಳೆ ಒಂದು ಹೆಕ್ಟೇರಿನ ಮೇಲೆ ಸುರಿದರೆ ಹತ್ತು ಲಕ್ಷ ಲೀಟರ್. ನಿಮ್ಮ ದಾರಿಗೆ ಅಡ್ಡ ಬರುವ ಒಂದು ಪುಟ್ಟ ಹಳ್ಳಕ್ಕೆ ಮೇಲಿನಿಂದ ಐನೂರು ಹೆಕ್ಟೇರು ಗುಡ್ಡದ ನೀರು ಬರುತ್ತದೆ ಎಂದುಕೊಳ್ಳಿ. ಅಷ್ಟೂ ನೆಲದ ಮೇಲೆ ಬಿದ್ದದ್ದು ಐವತ್ತು ಕೋಟಿ ಲೀಟರ್. ಮಳೆಗಾಲದ ಮೊದಲ ವಾರಗಳಲ್ಲಿ ಒಣಮಣ್ಣು ಒಂದಷ್ಟು ಕುಡಿಯುತ್ತದೆ. ಜುಲೈ ಹೊತ್ತಿಗೆ ಮಣ್ಣಿನ ಹೊಟ್ಟೆ ತುಂಬಿರುತ್ತದೆ, ಬಿದ್ದದ್ದರಲ್ಲಿ ಹೆಚ್ಚಿನದು ಹಳ್ಳಕ್ಕೇ ಹರಿದುಬರುತ್ತದೆ. ಅದಕ್ಕೇ ಜೂನ್‌ನಲ್ಲಿ ದಾಟಿದ ಹಳ್ಳವನ್ನು ಅಷ್ಟೇ ಮಳೆಗೆ ಜುಲೈನಲ್ಲಿ ದಾಟಲಾಗುವುದಿಲ್ಲ.

ಹೀಗಾಗಿ ನಿಯಮ ಹೀಗಿರಲಿ. ಹಳದಿ ಇದ್ದರೆ ದಾರಿ ಚಿಕ್ಕದು ಮಾಡಿಕೊಳ್ಳಿ. ಕಿತ್ತಳೆ ಇದ್ದರೆ ಘಟ್ಟದ ಕಡೆ ಮುಖ ಹಾಕದೆ ಊರೊಳಗಿನ ಅಗತ್ಯದ ಓಡಾಟಕ್ಕಷ್ಟೇ ಸೈಕಲ್ ತೆಗೆಯಿರಿ. ಕೆಂಪು ಇದ್ದ ದಿನ ಸೈಕಲ್ ಜಗಲಿಯಲ್ಲೇ ಇರಲಿ. ನೀವಿರುವ ತಾಲ್ಲೂಕಿನ ಆಕಾಶ ನೋಡಿ ಇದನ್ನು ತೀರ್ಮಾನಿಸಬೇಡಿ, ಹೋಗುವ ತಾಲ್ಲೂಕಿನಲ್ಲಿ ಒಬ್ಬರಿಗೆ ಫೋನ್ ಮಾಡಿ ಕೇಳಿ.

ಒದ್ದೆ ರಸ್ತೆಯಲ್ಲಿ ಬ್ರೇಕು

ಮಳೆಯಲ್ಲಿ ಸೈಕಲ್ ಬೀಳುವುದಕ್ಕೆ ಮೊದಲ ಕಾರಣ ಬ್ರೇಕು. ಹೆಚ್ಚಿನ ಸೈಕಲ್‌ಗಳಲ್ಲಿ ರಬ್ಬರ್ ತುಂಡು ರಿಮ್ ಅನ್ನು ಒತ್ತಿ ಚಕ್ರ ನಿಲ್ಲಿಸುತ್ತದೆ. ರಿಮ್ ಒದ್ದೆಯಾದಾಗ ರಬ್ಬರಿಗೂ ಲೋಹಕ್ಕೂ ನಡುವೆ ನೀರಿನ ಪೊರೆ ಇರುತ್ತದೆ. ಮೊದಲ ಕೆಲವು ಸುತ್ತಿನಲ್ಲಿ ಬ್ರೇಕು ಆ ನೀರನ್ನು ಒರೆಸುತ್ತದೆ, ಆಮೇಲಷ್ಟೇ ಹಿಡಿಯುತ್ತದೆ. ತಾಸಿಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯುವ ಸೈಕಲ್ ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು ದೂರ ಹೋಗುತ್ತದೆ. ಒರೆಸುವ ಆ ಒಂದೆರಡು ಸೆಕೆಂಡುಗಳಲ್ಲಿ ತಿರುವು ಮುಗಿದುಹೋಗಿರುತ್ತದೆ. ಆದ್ದರಿಂದ ಇಳುಕಲು ಶುರುವಾಗುವ ಮೊದಲೇ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಬಿಡುತ್ತ ರಿಮ್ ಒರೆಸಿಕೊಳ್ಳಬೇಕು, ತಿರುವಿನೊಳಗೆ ಹೋದ ಮೇಲೆ ಬ್ರೇಕು ಎಳೆಯದೆ ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು. ಇಲ್ಲಿನ ಕೆಂಪು ಮಣ್ಣಿನ ಕೆಸರಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ, ಅವು ಬ್ರೇಕ್ ರಬ್ಬರನ್ನು ಅರೆದು ತಿನ್ನುತ್ತವೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬಾಳಿದ ರಬ್ಬರ್ ಜುಲೈನಲ್ಲಿ ಅಷ್ಟು ದಿನ ಬಾಳುವುದಿಲ್ಲ. ವಾರಕ್ಕೊಮ್ಮೆ ಬೆರಳಿಟ್ಟು ನೋಡಿ. ರಬ್ಬರಿನಲ್ಲಿನ ಗೀರುಗಳು ಸವೆದು ಸಪಾಟಾಗಿದ್ದರೆ ಬದಲಿಸಿ.

ನಮ್ಮ ಶಾಲಾ ಮಕ್ಕಳ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ಒಂದು ಕೈಯಲ್ಲಿ ಬಿಡಿಸಿದ ಕೊಡೆ, ಇನ್ನೊಂದು ಕೈಯಲ್ಲಿ ಹ್ಯಾಂಡಲ್. ಹೆಚ್ಚಿನ ಸೈಕಲ್‌ಗಳಲ್ಲಿ ಬಲಗೈಯ ಬ್ರೇಕು ಮುಂದಿನ ಚಕ್ರದ್ದು, ಎಡಗೈಯದು ಹಿಂದಿನದು. ಎಡಗೈಯಲ್ಲಿ ಕೊಡೆ ಹಿಡಿದ ಮಗುವಿಗೆ ಉಳಿಯುವುದು ಮುಂದಿನ ಬ್ರೇಕು ಮಾತ್ರ. ಕೆಸರಿನ ಮೇಲೆ ಅದನ್ನೇ ಗಟ್ಟಿಯಾಗಿ ಎಳೆದರೆ ಮುಂದಿನ ಚಕ್ರ ಜಾರುತ್ತದೆ, ಸವಾರನಿಗೆ ಸಾವರಿಸಿಕೊಳ್ಳಲು ಎರಡನೇ ಕೈಯೂ ಇಲ್ಲ. ಸಾಲದ್ದಕ್ಕೆ ಎದುರಿನಿಂದ ಲಾರಿ ಹಾದಾಗ ಅದರ ಗಾಳಿ ಕೊಡೆಯನ್ನು ಹಿಡಿದೆಳೆಯುತ್ತದೆ. ಕೊಡೆ ಚೀಲದಲ್ಲಿರಲಿ. ಮೈಗೆ ರೇನ್‌ಕೋಟು, ಅದಿಲ್ಲದಿದ್ದರೆ ತಲೆ ಮತ್ತು ತೋಳಿಗೆ ತೂತು ಮಾಡಿದ ಗೊಬ್ಬರದ ಪ್ಲಾಸ್ಟಿಕ್ ಚೀಲವಾದರೂ ಸಾಕು, ಅದನ್ನು ಚೆನ್ನಾಗಿ ತೊಳೆದಿರಬೇಕು, ತುದಿ ಚೈನಿಗೆ ಸಿಗದಂತೆ ಕಟ್ಟಿಕೊಂಡಿರಬೇಕು.

ಹಳ್ಳ, ಹೊಳೆ, ಗುಡ್ಡ

ರಸ್ತೆಯ ಮೇಲೆ ಹರಿಯುವ ನೀರನ್ನು ಸೈಕಲ್ ಮೇಲೆ ದಾಟಬಾರದು ಎಂಬುದನ್ನು ಲೆಕ್ಕಾಚಾರದ ವಿಷಯ ಮಾಡಿಕೊಳ್ಳಬೇಡಿ. ಹರಿವಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಪಾದ ಮುಳುಗುವಷ್ಟು ಆಳದ ರಭಸದ ನೀರೂ ನಿಂತವರನ್ನು ಕೆಡವಬಲ್ಲದು. ಸೈಕಲ್ಲಿನ ಚಕ್ರಗಳು ಅಡ್ಡಲಾಗಿ ನಿಂತು ಆ ನೀರನ್ನು ಎದೆಗೊಟ್ಟು ತಡೆಯುತ್ತವೆ. ನೀರು ಕೆಂಪಗಿದ್ದರೆ ಕೆಳಗೆ ಡಾಂಬರು ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಾಣುವುದೂ ಇಲ್ಲ. ಜೊಯಿಡಾದ ಒಳಗಿನ ಹಳ್ಳಿಗಳಲ್ಲಿ ಕಾಲುಸಂಕದ ಮೇಲೆ ಸೈಕಲ್ ಹೊತ್ತು ದಾಟುವವರಿದ್ದಾರೆ. ಹಾವಸೆ ಹಿಡಿದ ಮರದ ಮೇಲೆ ಭುಜದಲ್ಲಿ ಸೈಕಲ್ ಇಟ್ಟುಕೊಂಡ ಮನುಷ್ಯನ ತೂಕ ಒಂದು ಬದಿಗೆ ವಾಲಿರುತ್ತದೆ. ತುಂಬಿದ ಹಳ್ಳದ ದಿನ ಸೈಕಲ್ ಈಚೆ ದಡದ ಮನೆಯಲ್ಲಿಟ್ಟು, ಎರಡೂ ಕೈ ಖಾಲಿ ಇಟ್ಟುಕೊಂಡು, ಇನ್ನೊಬ್ಬರು ನೋಡುತ್ತಿರುವಾಗ ದಾಟುವುದೇ ಮೇಲು. ನೀರು ಸಂಕವನ್ನು ಮುಟ್ಟುತ್ತಿದ್ದರೆ ಅದೂ ಬೇಡ.

ಕಾಳಿ ನದಿಗೆ ಇನ್ನೊಂದು ಗುಣವಿದೆ. ಮಳೆಯೇ ಇಲ್ಲದ ದಿನವೂ ಅದರ ಮಟ್ಟ ಏರಬಹುದು. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ, ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ, ಹೀಗೆ ನದಿಯುದ್ದಕ್ಕೂ ಜಲಾಶಯಗಳ ಸಾಲಿದೆ. ವಿದ್ಯುತ್ ಉತ್ಪಾದನೆ ಶುರುವಾದಾಗ, ಗೇಟು ತೆರೆದಾಗ ಕೆಳಗಿನ ಹರಿವು ಬದಲಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕೆಳಗಿನ ಊರುಗಳು ಮುಳುಗಿದ್ದನ್ನು ಕಾರವಾರ ತಾಲ್ಲೂಕು ಮರೆತಿಲ್ಲ. ಬಿಸಿಲಿಗೆ ದಣಿದು ಮುಖ ತೊಳೆಯಲು ಬಂಡೆಗಳ ನಡುವೆ ಇಳಿಯುವ ಸವಾರರು ಸೈರನ್ ಕೇಳಿದರೆ, ಅಥವಾ ಕಾಲಬುಡದ ಬಂಡೆ ನೋಡುತ್ತಿದ್ದಂತೆ ಒದ್ದೆಯಾದರೆ, ಚಪ್ಪಲಿ ಹುಡುಕದೆ ದಡ ಹತ್ತಬೇಕು.

ಗುಡ್ಡ ಕುಸಿತದ್ದು ಈ ಜಿಲ್ಲೆಯ ಹೊಸ ನೋವು. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ನೆಲವೇ ಜಾರಿತು, ಅರಬೈಲ್ ಘಟ್ಟದ ಹೆದ್ದಾರಿ ಬಂದಾಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಾಗ ಸತ್ತವರಲ್ಲಿ ರಸ್ತೆ ಬದಿಯ ಚಹಾದಂಗಡಿಯಲ್ಲಿದ್ದವರೂ ಇದ್ದರು. ಸೈಕಲ್ ಸವಾರರಿಗೆ ಇದರಲ್ಲಿ ನೇರ ಪಾಠವಿದೆ. ಜೋರು ಮಳೆಗೆ ನಿಲ್ಲಬೇಕಾದರೆ ಗುಡ್ಡ ಕಡಿದು ಮಾಡಿದ ನೇರ ಗೋಡೆಯ ಕೆಳಗೆ ನಿಲ್ಲಬೇಡಿ, ಅದು ಎಷ್ಟೇ ಗಾಳಿ ಮರೆಯಾಗಿದ್ದರೂ ಸರಿ. ಸಣ್ಣ ಕಲ್ಲು ಉದುರುತ್ತಿರುವುದು, ಗೋಡೆಯಿಂದ ಒಸರುವ ತಿಳಿನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಮರ ಅಥವಾ ವಿದ್ಯುತ್ ಕಂಬ ವಾಲಿರುವುದು, ಡಾಂಬರಿನ ಅಂಚಿನಲ್ಲಿ ಹೊಸ ಬಿರುಕು, ಇವು ಗುಡ್ಡ ಕೊಡುವ ಸೂಚನೆಗಳು. ಕಂಡರೆ ಬಂದ ದಾರಿಯಲ್ಲೇ ಹಿಂದಿರುಗಿ.

ಸಿಡಿಲು

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮಳೆಗೆ ನೀರು ಕಡಿಮೆ, ಸಿಡಿಲು ಹೆಚ್ಚು. ಸೈಕಲ್ಲಿಗೆ ರಬ್ಬರ್ ಟಯರ್ ಇದೆ, ಸಿಡಿಲು ತಾಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಮೋಡದಿಂದ ನೆಲಕ್ಕೆ ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿ ಬಂದ ವಿದ್ಯುತ್ತಿಗೆ ಬೆರಳಗಲದ ರಬ್ಬರ್ ಅಡ್ಡಿಯೇ ಅಲ್ಲ. ಕಾರಿನೊಳಗೆ ಕೂತವರನ್ನು ಉಳಿಸುವುದು ಅದರ ಟಯರಲ್ಲ, ಸುತ್ತಲಿನ ಲೋಹದ ಕವಚ. ಸೈಕಲ್ಲಿಗೆ ಆ ಕವಚ ಇಲ್ಲ. ಹಾಗೆಯೇ ಲೋಹ ಸಿಡಿಲನ್ನು ಕರೆಯುತ್ತದೆ ಎಂಬುದೂ ಅಷ್ಟು ಸರಿಯಲ್ಲ. ಹಳಿಯಾಳ, ಮುಂಡಗೋಡದ ಬಯಲು ಗದ್ದೆಗಳ ನಡುವೆ ಸೈಕಲ್ ಮೇಲೆ ಕೂತವನೇ ಸುತ್ತಮುತ್ತ ಎಲ್ಲಕ್ಕಿಂತ ಎತ್ತರದ ವಸ್ತು. ಅಪಾಯ ಅಲ್ಲಿರುವುದು.

ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಅಂದರೆ ಮುಂದಿನದು ನಿಮ್ಮ ಮೇಲೂ ಬೀಳಬಹುದು. ಪಕ್ಕಾ ಕಟ್ಟಡಕ್ಕೋ ಬಸ್ಸಿಗೋ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ತಾಸಿನವರೆಗೆ ಹೊರಬರಬೇಡಿ. ಒಂಟಿ ಮಾವಿನ ಮರದ ಬುಡ, ತೆರೆದ ತಗಡಿನ ಚಪ್ಪರ, ವಿದ್ಯುತ್ ಕಂಬದ ಪಕ್ಕ ಇವು ಆಸರೆಯಲ್ಲ. ಏನೂ ಸಿಗದಿದ್ದರೆ ಸೈಕಲ್ ಬಿಟ್ಟು ದೂರ ಸರಿದು, ತಗ್ಗು ಜಾಗದಲ್ಲಿ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಿ, ಮಲಗಬೇಡಿ. ಗುಂಪಿನಲ್ಲಿದ್ದರೆ ಒಬ್ಬರಿಂದೊಬ್ಬರು ದೂರ ಇರಿ. ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲನ್ನು ತೋರಿಸುತ್ತದೆ. ಸಿಗ್ನಲ್ ಇರುವಾಗ ಅದು ಉಪಯೋಗಿ, ಇಲ್ಲದಾಗ ಎಣಿಕೆಯೇ ಗತಿ.

ಚಳಿ ಮತ್ತು ಬಿಸಿಲು

ನಮ್ಮ ನಾಡಿನಲ್ಲಿ ಚಳಿಗೆ ಯಾರು ಸಾಯುತ್ತಾರೆ ಎಂದು ಕೇಳುವವರಿದ್ದಾರೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಹೋದ, ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಮಂದಿಯ ತಂಡದಲ್ಲಿ 9 ಮಂದಿ ಕೆಟ್ಟ ಹವೆಗೆ ಸಿಕ್ಕಿ ತೀರಿಕೊಂಡರು. ಅದು ಹಿಮಾಲಯದ ಎತ್ತರ, ಅಣಶಿ ಘಟ್ಟಕ್ಕೆ ಆ ಹಿಮ ಬರುವುದಿಲ್ಲ. ದೇಹ ಬಿಸಿ ಕಳೆದುಕೊಳ್ಳುವ ಬಗೆ ಮಾತ್ರ ಎರಡೂ ಕಡೆ ಒಂದೇ. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಮೈಯ ಬಿಸಿ ಬೇಗ ಸೋರಿಹೋಗುತ್ತದೆ. ಏರು ಹತ್ತುವಾಗ ಬೆವರಿ, ಮಳೆಯಲ್ಲಿ ನೆಂದು, ಇಳುಕಲಿನಲ್ಲಿ ಪೆಡಲ್ ತುಳಿಯದೆ ಗಾಳಿಗೆ ಎದೆಯೊಡ್ಡಿ ಜಾರುವ ಸೈಕಲ್ ಸವಾರನಿಗೆ ಇವೆರಡೂ ಒಟ್ಟಿಗೆ ಸಿಗುತ್ತವೆ. ಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗದಿರುವುದು ಮೊದಲ ಲಕ್ಷಣ. ಆಮೇಲೆ ನಡುಕ, ತೊದಲು ಮಾತು, ‘ನನಗೇನೂ ಆಗಿಲ್ಲ’ ಎಂಬ ಹಟ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ವೈದ್ಯರ ಪಾಲಿನ ತುರ್ತು. ಇದಕ್ಕೆ ಮದ್ದು ಅಗ್ಗದ್ದು: ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಒಂದು ಒಣ ಅಂಗಿ, ಇಳಿಯುವ ಮುನ್ನ ಎದೆಗೆ ಅಂಗಿಯೊಳಗೆ ಇಟ್ಟುಕೊಳ್ಳುವ ಒಂದು ದಿನಪತ್ರಿಕೆ. ಘಟ್ಟದ ರೈತರು ಕಂಬಳಿ ಕೊಪ್ಪೆ ಹೊದ್ದು ನಾಟಿ ಮಾಡುತ್ತಿದ್ದುದರ ಹಿಂದೆಯೂ ಇದೇ ತಿಳಿವಳಿಕೆ ಇತ್ತು. ನೆಂದ ಉಣ್ಣೆ ಒಂದಷ್ಟು ಬಿಸಿ ಉಳಿಸುತ್ತದೆ, ನೆಂದ ಹತ್ತಿ ಉಳಿಸುವುದಿಲ್ಲ.

ಬೇಸಿಗೆಯದು ಇದರ ತಿರುವುಮುರುವು. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿದರೆ ಉಪ್ಪು ಮರಳುವುದಿಲ್ಲ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಮನೆಯಲ್ಲೇ ಕಲಸಿಕೊಳ್ಳಬಹುದು. ತಲೆ ಸುತ್ತಿ, ವಾಕರಿಕೆ ಬಂದು ಮೈ ಬೆವರುತ್ತಿದ್ದರೆ ನೆರಳು, ನೀರು, ವಿಶ್ರಾಂತಿ ಸಾಕು. ಮಾತು ತಡವರಿಸಿ, ಮೈ ಕೆಂಡವಾಗಿದ್ದರೆ ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ.

ಸದ್ದಿಲ್ಲದ ವಾಹನ

ಕಾಡಿನ ರಸ್ತೆಯಲ್ಲಿ ಸೈಕಲ್ಲಿನ ಒಳ್ಳೆಯ ಗುಣವೇ ಅದರ ಅಪಾಯ. ಲಾರಿ, ಬೈಕು ಬರುವುದು ಕಾಡುಕೋಣಕ್ಕೆ ದೂರದಿಂದಲೇ ತಿಳಿಯುತ್ತದೆ, ಸರಿದು ನಿಲ್ಲುತ್ತದೆ. ಸೈಕಲ್ ಸದ್ದಿಲ್ಲದೆ ತಿರುವಿನಲ್ಲಿ ಎದುರಾಗುತ್ತದೆ. ಬೆಚ್ಚಿಬಿದ್ದ ಪ್ರಾಣಿ ಓಡಲೂಬಹುದು, ಹಾಯಲೂಬಹುದು. ಕರಡಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕುರುಡು ತಿರುವಿಗೆ ಮುಂಚೆ ಬೆಲ್ ಹೊಡೆಯಿರಿ, ಇಬ್ಬರಿದ್ದರೆ ಮಾತಾಡುತ್ತ ಹೋಗಿ. ಕಾಲುದಾರಿಗೆ ಇಳಿಯಬೇಡಿ, ಸಂರಕ್ಷಿತ ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು ಕಾನೂನಿಗೂ ವಿರುದ್ಧ. ಭತ್ತ, ಕಬ್ಬು ಬಲಿಯುವ ತಿಂಗಳುಗಳಲ್ಲಿ ಆನೆಗಳು ಹಳಿಯಾಳ, ಮುಂಡಗೋಡದ ಹೊಲಗಳ ಕಡೆ ಬರುತ್ತವೆ. ಆಗ ಮುಸ್ಸಂಜೆ ಮತ್ತು ನಸುಕಿನ ಸವಾರಿ ಬಿಡಬೇಕು. ಮುಂದೆ ಆನೆ ಇದೆ ಎಂದು ಊರವರು ಹೇಳಿದರೆ ಫೋಟೋ ಆಸೆ ಬಿಟ್ಟು ಅಲ್ಲೇ ನಿಲ್ಲಿ, ಅರಣ್ಯ ಇಲಾಖೆಯ ಸಹಾಯವಾಣಿ 1926.

ಚಿಕ್ಕ ಜೀವಿಗಳ ಬಗ್ಗೆ ಎರಡು ಮಾತು. ಮಳೆಗಾಲದ ಉಂಬಳ ರಕ್ತ ಕುಡಿದು ಬಿಡುತ್ತದೆ, ರೋಗ ತರುವುದಿಲ್ಲ. ಮಳೆ ನಿಂತ ಮೇಲಿನ ಉಣ್ಣೆ ಹಾಗಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆ ಕಡಿತದಿಂದ ಹರಡುತ್ತದೆ, ಉತ್ತರ ಕನ್ನಡದಲ್ಲೂ ಸಾವು ನೋವು ಮಾಡಿದೆ. ಡಿಸೆಂಬರ್‌ನಿಂದ ಮೇವರೆಗೆ ಒಣ ಎಲೆಗಳ ಮೇಲೆ ಕೂತು ವಿಶ್ರಮಿಸಬೇಡಿ, ಮನೆಗೆ ಬಂದು ಬಟ್ಟೆ ಬಿಸಿನೀರಿಗೆ ಹಾಕಿ, ಜ್ವರ ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳಿ. ಹಾವು ಕಚ್ಚಿದರೆ ಸೈಕಲ್ ತುಳಿದುಕೊಂಡು ಆಸ್ಪತ್ರೆಗೆ ಧಾವಿಸಬಾರದು. ಮೈ ಶ್ರಮಿಸಿದಷ್ಟೂ ವಿಷ ಬೇಗ ಹರಡುತ್ತದೆ. ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗಿಸದಂತೆ ಇಟ್ಟು ಬೇರೆ ವಾಹನದಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

ಒಂದು ಪಂಚರ್

ಸಣ್ಣ ತೊಂದರೆ ಸಾಲದ ಹಾಗೆ, ಹೊತ್ತು ಕಳೆದಷ್ಟೂ ಬಡ್ಡಿ ಬೆಳೆಯುತ್ತದೆ. ಪಂಚರ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ದಾಂಡೇಲಿ ಪೇಟೆಯಲ್ಲಿ ಅದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಕಾಡಿನ ನಡುವೆ ಅದೇ ಸಂಜೆಯನ್ನು ನುಂಗುತ್ತದೆ. ಮಳೆಯಲ್ಲಿ ಪ್ಯಾಚ್ ಹಾಕುವುದು ಬಹುಮಟ್ಟಿಗೆ ಸೋಲುವ ಕೆಲಸ, ಒದ್ದೆ ರಬ್ಬರಿಗೆ ಸೊಲ್ಯೂಶನ್ ಅಂಟುವುದಿಲ್ಲ. ಆದ್ದರಿಂದ ಮೊದಲ ಆಸರೆ ಹೆಚ್ಚುವರಿ ಟ್ಯೂಬ್, ಪ್ಯಾಚ್ ಎರಡನೆಯದು. ಟ್ಯೂಬ್ ನಿಮ್ಮ ಟಯರಿನ ಅಳತೆಯದೇ ಆಗಿರಬೇಕು, ಪಂಪು ನಿಮ್ಮ ವಾಲ್ವಿಗೆ ಹೊಂದಬೇಕು. ಗೇರ್ ಸೈಕಲ್ಲಿನ ಸಪೂರ ಟ್ಯೂಬ್ ಹಳ್ಳಿಯ ಅಂಗಡಿಯಲ್ಲಿ ಸಿಗುತ್ತದೆ ಎಂದು ನಂಬಿ ಹೊರಡಬೇಡಿ.

ಟ್ಯೂಬ್ ಬದಲಿಸುವಾಗ ಅವಸರದಲ್ಲಿ ಎಲ್ಲರೂ ಬಿಡುವ ಹೆಜ್ಜೆ ಒಂದಿದೆ. ಹಳೆ ಟ್ಯೂಬಿಗೆ ಗಾಳಿ ತುಂಬಿ ತೂತು ಎಲ್ಲಿದೆ ನೋಡಿ, ಅದೇ ಜಾಗಕ್ಕೆ ಟಯರಿನ ಒಳಮೈಯನ್ನು ಬಟ್ಟೆಯಿಂದ ಸವರಿ. ಬಿದಿರಿನ ಮುಳ್ಳು ಮುರಿದು ಟಯರಿನಲ್ಲೇ ಉಳಿದಿರುತ್ತದೆ. ಬಟ್ಟೆಯ ಎಳೆ ಸಿಕ್ಕಿಕೊಂಡಲ್ಲಿ ಅದು ಸಿಗುತ್ತದೆ. ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಒಂದು ಫರ್ಲಾಂಗಿನಲ್ಲಿ ಅದೂ ಹೋಗುತ್ತದೆ. ಟಯರೇ ಸೀಳಿದ್ದರೆ ಒಳಗಿನಿಂದ ಹಳೆ ಟ್ಯೂಬಿನ ತುಂಡನ್ನೋ ಮಡಿಸಿದ ಬಿಸ್ಕತ್ತಿನ ಪೊಟ್ಟಣವನ್ನೋ ಇಟ್ಟು, ಗಾಳಿ ಕಡಿಮೆ ತುಂಬಿ, ಮೆಲ್ಲಗೆ ಹತ್ತಿರದ ಆಸರೆವರೆಗೆ ಹೋಗಬಹುದು. ಪ್ಯಾಚ್ ಹಾಕುವುದಾದರೆ ಸೊಲ್ಯೂಶನ್ ಹಚ್ಚಿ ಅದರ ಹೊಳಪು ಆರುವವರೆಗೆ ಕಾಯಿರಿ. ಇದನ್ನೆಲ್ಲ ಮನೆಯಂಗಳದಲ್ಲಿ ಬಿಸಿಲಿರುವಾಗ ಒಮ್ಮೆ ಮಾಡಿ ನೋಡಿದವರಿಗೆ ಮಾತ್ರ ಕತ್ತಲಲ್ಲಿ ಕೈ ನೆನಪಿರುತ್ತದೆ. ಚೀಲದಲ್ಲಿ ಇನ್ನಿರಬೇಕಾದದ್ದು ಕೊಂಚವೇ: ಎರಡು ಟಯರ್ ಲಿವರ್, ಸ್ಪ್ಯಾನರ್, ಬ್ಯಾಟರಿ, ಸೀಟಿ, ಒಣ ಅಂಗಿ, ಒಂದು ಹೊತ್ತಿಗೆ ಸಾಲುವ ತಿಂಡಿ, ಹಿಂದೆ ಕೆಂಪು ದೀಪ.

ಸಿಗ್ನಲ್ ಇಲ್ಲದ ಕಡೆ

ಜೊಯಿಡಾದ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಸಿಕ್ಕಲ್ಲೂ ಒಂದೇ ಕಂಪನಿಯದು ಇರಬಹುದು. ಸಿಗ್ನಲ್ ಹುಡುಕಿ ಹುಡುಕಿ ಫೋನ್ ಬ್ಯಾಟರಿ ಬೇಗ ಇಳಿಯುತ್ತದೆ, ಕಾಡು ದಾಟುವಾಗ ಫ್ಲೈಟ್ ಮೋಡ್‌ನಲ್ಲಿಡಿ. ತುರ್ತಿನಲ್ಲಿ 112ಕ್ಕೆ ಪ್ರಯತ್ನಿಸಿ, ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆಯದರ ಮೂಲಕ ಆ ಕರೆ ಹೋಗುವ ಸಾಧ್ಯತೆ ಇದೆ. ಇದೆಲ್ಲಕ್ಕಿಂತ ಗಟ್ಟಿ ಉಪಾಯ ಮನೆಯಲ್ಲಿ ಹೇಳಿ ಹೋಗುವುದು. ‘ಸಂಜೆ ಬರ್ತೀನಿ’ ಎಂದರೆ ಸಾಲದು. ಯಾವ ದಾರಿ, ಎಲ್ಲಿವರೆಗೆ, ಎಷ್ಟು ಗಂಟೆಗೆ ವಾಪಸು, ಆ ಹೊತ್ತು ಮೀರಿ ಎಷ್ಟು ಹೊತ್ತಾದ ಮೇಲೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನೂ ಬರೆದಿಟ್ಟು ಹೋಗಬೇಕು. ದಾರಿ ಬದಲಿಸಿದರೆ ಸಿಗ್ನಲ್ ಇರುವಾಗಲೇ ತಿಳಿಸಬೇಕು. ಹುಡುಕುವವರಿಗೆ ಎಲ್ಲಿಂದ ಹುಡುಕಬೇಕು ಎಂಬುದು ಗೊತ್ತಿದ್ದರೆ ಅರ್ಧ ರಾತ್ರಿ ಉಳಿಯುತ್ತದೆ.

ಊರು ಮಾಡಬೇಕಾದದ್ದು

ಎಲ್ಲವನ್ನೂ ಸವಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುಳುಗುವ ಸೇತುವೆಗಳ ಎರಡೂ ತುದಿಗೆ ಆಳ ತೋರಿಸುವ ಬಣ್ಣದ ಕಂಬ ನೆಡುವುದು ಪಂಚಾಯ್ತಿಗೆ ಭಾರದ ಖರ್ಚಲ್ಲ. ಕಾಡಿನ ಚೆಕ್‌ಪೋಸ್ಟ್‌ಗಳಲ್ಲಿ ಮುಂದಿನ ಊರಿಗೆ ಎಷ್ಟು ದೂರ, ಯಾವ ತಿರುವಿನಲ್ಲಿ ಸಿಗ್ನಲ್ ಸಿಗುತ್ತದೆ, ಹತ್ತಿರದ ಆಸ್ಪತ್ರೆ ಯಾವುದು ಎಂದು ಕನ್ನಡದಲ್ಲಿ ಒಂದು ಫಲಕ ಹಾಕಬಹುದು. ಬಸ್ ತಂಗುದಾಣಗಳ ಮಾಡು ಸೋರದಂತಿರಲಿ. ಮಧ್ಯಾಹ್ನ ಮೋಡ ಕಟ್ಟಿದ ದಿನ ದೂರದ ಮಕ್ಕಳನ್ನು ಮೊದಲು ಬಿಡುವ, ಹಳ್ಳ ತುಂಬಿದ ಸುದ್ದಿ ಬಂದರೆ ಆ ಕಡೆಯವರನ್ನು ಈಚೆ ಊರಿನ ಮನೆಯಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆಯನ್ನು ಜೂನ್‌ನ ಮೊದಲ ಪಾಲಕರ ಸಭೆಯಲ್ಲೇ ಶಾಲೆಗಳು ಮಾತಾಡಿ ಇಟ್ಟುಕೊಳ್ಳಬಹುದು. ಆ ಮನೆ ಯಾವುದು ಎಂದು ಮಗುವಿಗೂ ತಂದೆ ತಾಯಿಗೂ ಮೊದಲೇ ತಿಳಿದಿರಬೇಕು.

ಇನ್ನು ಭಾನುವಾರದ ಗುಂಪುಗಳಿಗೆ. ದೂರದ ಸೈಕಲ್ ಸವಾರಿಯಲ್ಲಿ ಬ್ರೆವೆ ಎಂಬ ಪದ್ಧತಿ ಇದೆ. 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನಲ್ಲಿ, ಹೊರಗಿನ ನೆರವಿಲ್ಲದೆ ಮುಗಿಸಬೇಕು, ರಾತ್ರಿಗೆ ದೀಪ ಮತ್ತು ಹೊಳೆಯುವ ಜಾಕೆಟ್ ಕಡ್ಡಾಯ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿಲೋಮೀಟರ್‌ನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಈ ಬಗೆಯ ಸವಾರಿಗಳಲ್ಲಿ ಹೆಸರಾದದ್ದು. ಅಲ್ಲಿ 2007ರಲ್ಲಿ ಮಳೆಗಾಳಿಗೆ ಸಾವಿರಕ್ಕೂ ಹೆಚ್ಚು ಮಂದಿ ಅರ್ಧಕ್ಕೆ ಬಿಟ್ಟರು, ವರ್ಷಗಟ್ಟಲೆ ಅಭ್ಯಾಸ ಮಾಡಿ ಬಂದವರು ಅವರು. ನಮ್ಮಲ್ಲಿ ಹಿಂದಿರುಗಿದವನಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾರವಿಡೀ ಚುಡಾಯಿಸುವಿಕೆ ಕಾದಿರುತ್ತದೆ. ಅದರ ಭಯಕ್ಕೇ ಮೋಡ ಕಂಡರೂ ಪೆಡಲ್ ಒತ್ತುವವರಿದ್ದಾರೆ. ಗುಂಪಿನ ಹಿರಿಯರು ಹೊರಡುವ ಮುನ್ನವೇ ಮೂರು ವಿಷಯ ಗಟ್ಟಿಯಾಗಿ ಹೇಳಲಿ: ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ, ಯಾರೊಬ್ಬರು ಸಾಕು ಎಂದರೂ ಎಲ್ಲರೂ ತಿರುಗುತ್ತೇವೆ, ತಿರುಗಿಸಿದವರನ್ನು ಯಾರೂ ಆಡಿಕೊಳ್ಳುವುದಿಲ್ಲ. ಪಂಪು, ಟ್ಯೂಬು ಮರೆತುಬಂದವನಿಗೆ ಇನ್ನೊಬ್ಬರು ಕೊಟ್ಟಾರು. ಈ ಮೂರು ಮಾತು ಆಡದೆ ಹೊರಟ ಗುಂಪಿಗೆ ಮಳೆ ಶುರುವಾದ ಮೇಲೆ ಅವನ್ನು ಆಡುವ ಧೈರ್ಯ ಬರುವುದಿಲ್ಲ.